ಮೇಲಿನ ಒಂದು ಮಿಲಿಮೀಟರ್

ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1432ರಲ್ಲಿ, ಕಾರ್ಕಳದ ಬಂಡೆಯ ಮೇಲೆ 42 ಅಡಿಯ ಬಾಹುಬಲಿ ನಿಂತ. 1604ರಲ್ಲಿ ವೇಣೂರಿನಲ್ಲಿ 35 ಅಡಿಯ ಇನ್ನೊಂದು ಮೂರ್ತಿ. ಮೂಡುಬಿದಿರೆಯಿಂದ ಈ ಎರಡೂ ಊರುಗಳು ಇಪ್ಪತ್ತು ಕಿಲೋಮೀಟರ್ ಆಸುಪಾಸಿನವು. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ಕಗ್ಗಲ್ಲು ಕೆತ್ತಿಸಿಕೊಂಡಿದೆ ಎಂದರೆ ಅಲ್ಲಿ ಶಿಲ್ಪಿಗಳ ಪಕ್ಕದಲ್ಲೇ ಕುಲುಮೆಗಳೂ ಉರಿಯುತ್ತಿದ್ದಿರಬೇಕು. ಏಕೆಂದರೆ ಕಗ್ಗಲ್ಲು ಉಳಿಗಿಂತ ಗಟ್ಟಿ.

ಇದು ಮಾತಿಗೆ ಹೇಳಿದ್ದಲ್ಲ, ಅಳೆದು ನೋಡಬಹುದಾದ ಸಂಗತಿ. ಗಡಸುತನ ಅಳೆಯುವ ವಿಕರ್ಸ್ ಮಾನದಲ್ಲಿ ಹದ ಮಾಡದ ಸಾದಾ ಕಬ್ಬಿಣಕ್ಕೆ 120ರಿಂದ 150 ಅಂಕ ಸಿಗುತ್ತದೆ. ಚೆನ್ನಾಗಿ ಹದ ಮಾಡಿದ ಉಕ್ಕಿನ ಉಳಿಯ ಮೊನೆಗೆ ಹೆಚ್ಚೆಂದರೆ 700-800. ಕಗ್ಗಲ್ಲಿನೊಳಗಿನ ಬೆಣಚುಕಲ್ಲಿನ ಹರಳು 1,100 ದಾಟುತ್ತದೆ. ಹಾಗಿದ್ದರೂ ಉಳಿ ಕಲ್ಲನ್ನು ಸೋಲಿಸುವುದು ಕಲ್ಲಿನ ಒಂದು ದೌರ್ಬಲ್ಯದಿಂದ. ಒತ್ತಿದರೆ ಕಲ್ಲು ತಾಳಿಕೊಳ್ಳುತ್ತದೆ, ಎಳೆದರೆ ತಾಳುವುದಿಲ್ಲ. ಮೊನೆಯ ಕೆಳಗೆ ಪೆಟ್ಟು ಬಿದ್ದಾಗ ಕಲ್ಲಿನೊಳಗೆ ಎಳೆತ ಹುಟ್ಟಿ ಕೂದಲೆಳೆಯಂಥ ಬಿರುಕು ಓಡುತ್ತದೆ, ಒಂದು ಚಕ್ಕೆ ಸಿಡಿದು ಬೀಳುತ್ತದೆ. ಹಾಗಾಗಿ ಕೆತ್ತುವುದೆಂದರೆ ಸಾವಿರಾರು ಸಲ ಒಡೆಯುವುದು. ಪ್ರತಿ ಪೆಟ್ಟಿಗೂ ಮೊನೆ ಬೆಣಚಿನ ಹರಳಿಗೆ ಉಜ್ಜಿ ತಾನೂ ಸ್ವಲ್ಪ ಸವೆಯುತ್ತದೆ. ಅದಕ್ಕೇ ಶಿಲ್ಪಿಯ ಬಳಿ ಒಂದೇ ಉಳಿ ಇರುವುದಿಲ್ಲ, ಕಟ್ಟುಗಟ್ಟಲೆ ಇರುತ್ತವೆ. ಮೊಂಡಾದವು ಕುಲುಮೆಗೆ ಹೋಗಿ ಹೊಸ ಮೊನೆ ಪಡೆದು ಬರುತ್ತವೆ.

ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ್ದು 1967ರ ನಂತರದ ವರ್ಷಗಳಲ್ಲಿ. 1973ರಲ್ಲಿ ಆ ಏಕಶಿಲೆ ದೊಡ್ಡ ಟ್ರಾಲಿಯ ಮೇಲೆ ಬೆಳ್ತಂಗಡಿ ತಾಲೂಕಿಗೆ ಹೊರಟಾಗ ದಾರಿಯುದ್ದಕ್ಕೂ ಜನ ಸೇರಿ ನೋಡಿದ್ದನ್ನು ಈ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಮೂರ್ತಿಯ ಒಂದೊಂದು ಅಂಗುಲಕ್ಕೂ ಎಷ್ಟು ಸಲ ಕುಲುಮೆ ಹೊತ್ತಿರಬೇಕು ಎಂದು ನಾನು ಯೋಚಿಸುವುದುಂಟು.

ಉಳಿಗೆ ಹದ ಹಾಕುವ ಕೆಲಸವನ್ನು ಹತ್ತಿರದಿಂದ ನೋಡೋಣ. ಈ ಅಧ್ಯಾಯದ ವಿಜ್ಞಾನವೆಲ್ಲ ಅದರಲ್ಲೇ ಅಡಗಿದೆ.

ಕುಲುಮೆಯ ಕೆಂಡದಲ್ಲಿ ಉಳಿಯ ಮೊನೆಯ ಕಡೆಯ ಎರಡು-ಮೂರು ಅಂಗುಲ ಮಾತ್ರ ಹುದುಗಿರುತ್ತದೆ. ಕಾದ ಮೊನೆಯನ್ನು ಆಚಾರಿಯವರು ಅಡಿಗಲ್ಲಿನ ಮೇಲಿಟ್ಟು, ಮಗ್ಗುಲು ತಿರುಗಿಸುತ್ತ ತಟ್ಟಿ ಚೂಪು ಮಾಡುತ್ತಾರೆ. ಮತ್ತೆ ಕೆಂಡಕ್ಕೆ. ಕಡುಗೆಂಪು ಹೋಗಿ ತಿಳಿಗೆಂಪು ಬರುವಾಗ, ಅಂದರೆ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇಕ್ಕಳದಲ್ಲಿ ಹಿಡಿದು ಮುಕ್ಕಾಲು ಅಂಗುಲದಷ್ಟು ಮಾತ್ರ ನೀರಿಗೆ ಇಳಿಸುತ್ತಾರೆ. ಚುಂಯ್ ಎನ್ನುವಾಗ ಕೈ ಸುಮ್ಮನಿರುವುದಿಲ್ಲ, ಉಳಿಯನ್ನು ತುಸು ಮೇಲೆ ಕೆಳಗೆ ಆಡಿಸುತ್ತದೆ. ಆಡಿಸದಿದ್ದರೆ ನೀರಿನ ಮಟ್ಟ ಎಲ್ಲಿತ್ತೋ ಅಲ್ಲಿ ಗಡಸು ಮತ್ತು ಮೆದುವಿನ ನಡುವೆ ಗೆರೆ ಕೊರೆದಂತೆ ಗಡಿ ಮೂಡಿ, ಮುಂದೆ ಉಳಿ ಸರಿಯಾಗಿ ಅಲ್ಲಿಯೇ ತುಂಡಾಗುತ್ತದೆ. ಮೇಲೆತ್ತಿದ ಕೂಡಲೇ ಮೊನೆಯನ್ನು ಕಲ್ಲಿನ ಚೂರಿಗೆ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಉಳಿಯ ಮೇಲ್ಭಾಗ ಇನ್ನೂ ಬಿಸಿ. ಆ ಬಿಸಿ ಮೊನೆಯ ಕಡೆಗೆ ಹರಿಯತೊಡಗಿದಾಗ ಉಜ್ಜಿದ ಜಾಗದಲ್ಲಿ ಬಣ್ಣಗಳು ಸಾಲಾಗಿ ಇಳಿದು ಬರುತ್ತವೆ. ಮುಂದೆ ತಿಳಿಹಳದಿ, ಅದರ ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಬೇಕಾದ ಬಣ್ಣ ಮೊನೆ ಮುಟ್ಟಿದ ಕ್ಷಣವೇ ಇಡೀ ಉಳಿ ನೀರಿಗೆ.

ಆ ಬಣ್ಣಗಳು ಕಬ್ಬಿಣದ ಮೇಲೆ ಹುಟ್ಟುವ ತೀರಾ ತೆಳುವಾದ ಆಕ್ಸೈಡ್ ಪೊರೆಯವು. ಪೊರೆ ದಪ್ಪವಾದಂತೆ, ಅದರ ಮೇಲ್ಮೈಯಿಂದ ಮತ್ತು ತಳದಿಂದ ಮರಳಿದ ಬೆಳಕುಗಳು ಒಂದನ್ನೊಂದು ಕೂಡಿ ಕಳೆದು ಬೇರೆ ಬೇರೆ ಬಣ್ಣ ತೋರಿಸುತ್ತವೆ. ತಿಳಿಹಳದಿ ಎಂದರೆ ಸುಮಾರು 220 ಡಿಗ್ರಿ, ಕಂದು 255, ನೇರಳೆ 280, ನೀಲಿ 300. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಹತ್ತಿಪ್ಪತ್ತು ಡಿಗ್ರಿಯ ಅಂತರವನ್ನು ಕಣ್ಣಲ್ಲೇ ಅಳೆದವರು ಇವರು. ಇದನ್ನು ಕೇವಲ ಕೈಚಳಕ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಇದು ಅಳತೆ.

ಇಷ್ಟು ಮಾಡಿದ ಮೇಲೆ ಉಳಿಯಲ್ಲಿ ಗಡಸಾದದ್ದು ಮೊನೆ ಮಾತ್ರ. ನಡುಭಾಗ ಮೆದು, ಸುತ್ತಿಗೆ ಬೀಳುವ ತಲೆ ಇನ್ನೂ ಮೆದು. ತಲೆ ಮೆದುವಾಗಿಯೇ ಇರಬೇಕು. ಗಡಸು ಉಕ್ಕಿನ ಮೇಲೆ ಗಡಸು ಸುತ್ತಿಗೆ ಬಿದ್ದರೆ ಚೂರು ಹಾರಿ ಕಣ್ಣಿಗೆ ಹೊಕ್ಕೀತು. ಉಜ್ಜುವ ಜಾಗ ಗಡಸಾಗಿರಬೇಕು, ಪೆಟ್ಟು ತಾಳುವ ಜಾಗ ಮೆದುವಾಗಿರಬೇಕು, ಎರಡೂ ಒಂದೇ ತುಂಡಿನಲ್ಲಿರಬೇಕು. ಕಾರ್ಖಾನೆಗಳು ಇಂದು ಉಕ್ಕಿನ ಮೇಲ್ಮೈಯನ್ನಷ್ಟೇ ಗಡಸು ಮಾಡಲು ಬಳಸುವ ವಿಧಾನಗಳೆಲ್ಲ ಈ ಒಂದೇ ಬೇಡಿಕೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ನೀರಿಗೆ ಅದ್ದಿದ ಮಾತ್ರಕ್ಕೆ ಉಕ್ಕು ಏಕೆ ಗಡಸಾಗುತ್ತದೆ? ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಡಸಾಗುವುದಿಲ್ಲ, ಇನ್ನಷ್ಟು ಮೆದುವಾಗಿಯೇ ಉಳಿಯುತ್ತದೆ. ಉಕ್ಕಿನ ಗುಟ್ಟು ಎರಡು ಸಂಗತಿಗಳು ಕೂಡಿದ್ದರಲ್ಲಿದೆ: ಕಬ್ಬಿಣ ಕಾದಾಗ ತನ್ನ ಪರಮಾಣುಗಳ ಜೋಡಣೆಯನ್ನೇ ಬದಲಿಸುತ್ತದೆ, ಮತ್ತು ಅದರೊಳಗೆ ಒಂದಿಷ್ಟು ಇಂಗಾಲ ಇರುತ್ತದೆ. ತಣ್ಣಗಿರುವಾಗ ಕಬ್ಬಿಣದ ಪರಮಾಣುಗಳು ಘನದ ಎಂಟು ಮೂಲೆ ಮತ್ತು ಒಂದು ನಡುಮಧ್ಯದಲ್ಲಿ ಕೂರುತ್ತವೆ. ಈ ಜೋಡಣೆಯೊಳಗಿನ ಸಂದುಗಳು ತೀರಾ ಇಕ್ಕಟ್ಟು. 727 ಡಿಗ್ರಿಯಲ್ಲಿ ಕೂಡ ಇಂಗಾಲ ಶೇಕಡಾ 0.02ರಷ್ಟಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅದಕ್ಕಿಂತ ಹೆಚ್ಚು ಕಾದಾಗ ಪರಮಾಣುಗಳು ಮೂಲೆಗಳಲ್ಲಿ ಮತ್ತು ಘನದ ಆರು ಮುಖಗಳ ನಡುವೆ ಕೂರುವ ಇನ್ನೊಂದು ಜೋಡಣೆಗೆ ಸರಿಯುತ್ತವೆ. ಅಚ್ಚರಿಯೆಂದರೆ ಈ ಜೋಡಣೆ ಒಟ್ಟಿನಲ್ಲಿ ಹೆಚ್ಚು ಒತ್ತಾದದ್ದು, ಆದರೆ ಇದರಲ್ಲಿ ಉಳಿಯುವ ಸಂದುಗಳು ಕಡಿಮೆಯಾದರೂ ದೊಡ್ಡವು. ಇಂಗಾಲ ಅಲ್ಲಿ ಸಲೀಸಾಗಿ ನುಗ್ಗುತ್ತದೆ. ನಿಧಾನಕ್ಕೆ ತಣಿಸಿದರೆ ಇಂಗಾಲ ಮತ್ತೆ ಹೊರಬಂದು ಬೇರೆ ಪದರವಾಗಿ ಕೂತು ಉಕ್ಕು ಮೆದುವಾಗುತ್ತದೆ. ಥಟ್ಟನೆ ನೀರಿಗೆ ಅದ್ದಿದರೆ ಹೊರಬರಲು ಅದಕ್ಕೆ ಸಮಯ ಸಿಗುವುದಿಲ್ಲ. ಜೋಡಣೆ ಹಳೆಯ ಇಕ್ಕಟ್ಟಿನ ರೂಪಕ್ಕೆ ಮರಳಲು ಹವಣಿಸುತ್ತದೆ, ಇಂಗಾಲ ಸಿಕ್ಕಿಕೊಂಡು ಘನವನ್ನು ಒಂದು ಕಡೆಗೆ ಎಳೆದು ನೀಳವಾಗಿಸುತ್ತದೆ. ಈ ಸೆಟೆದುಕೊಂಡ ರೂಪಕ್ಕೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಅದರೊಳಗೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಲಾರವು. ಜಾರಲಾರದ್ದೇ ಗಡಸುತನ. ಜಾರಲಾರದ್ದೇ ಪೆಡಸುತನವೂ ಹೌದು, ಅದಕ್ಕೇ ಆಚಾರಿಯವರು ಬಣ್ಣ ಇಳಿಯುವವರೆಗೆ ಕಾದು ಅದರ ಸೆಟೆತವನ್ನು ಸ್ವಲ್ಪ ಸಡಿಲಿಸುವುದು.

ಮೂಡುಬಿದಿರೆಗೆ ಹತ್ತಿರದ ಮಿಜಾರಿನಲ್ಲಿ ಎರಡು ಎಂಜಿನಿಯರಿಂಗ್ ಕಾಲೇಜುಗಳಿವೆ. ಮೆಕ್ಯಾನಿಕಲ್ ಓದುವ ಮಕ್ಕಳು ಪ್ರಯೋಗಾಲಯದಲ್ಲಿ ಉಕ್ಕಿನ ಚೂರನ್ನು ಎಮರಿ ಹಾಳೆಯ ಮೇಲೆ, ಆಮೇಲೆ ಮಖಮಲ್ ಬಟ್ಟೆಯ ಮೇಲೆ ಕನ್ನಡಿಯಂತೆ ಉಜ್ಜಿ, ಆಲ್ಕೊಹಾಲಿನಲ್ಲಿ ಕದಡಿದ ಒಂದಿಷ್ಟು ನೈಟ್ರಿಕ್ ಆಮ್ಲ ತಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಾರ್ಟೆನ್‌ಸೈಟ್ ಇದ್ದರೆ ಸೂಜಿಗಳನ್ನು ಚೆಲ್ಲಿದಂತೆ ಕಾಣುತ್ತದೆ. ಆ ಮಕ್ಕಳು ಊರಿನ ಕುಲುಮೆಯಲ್ಲಿ ಹದ ಮಾಡಿದ ಒಂದು ಉಳಿಯನ್ನು ಉದ್ದಕ್ಕೆ ಸೀಳಿ, ಮೊನೆಯಿಂದ ತಲೆಯವರೆಗೆ ಗಡಸುತನ ಅಳೆದು ಗ್ರಾಫ್ ಬರೆಯಬೇಕೆಂಬುದು ನನ್ನ ಬಹುದಿನದ ಆಸೆ. ಪಠ್ಯದ ಯಾವ ಪ್ರಯೋಗಕ್ಕಿಂತಲೂ ಅದು ಹೆಚ್ಚು ಕಲಿಸುತ್ತದೆ. ಹಾಗೆಯೇ ಆಚಾರಿಯವರೊಬ್ಬರನ್ನು ಕರೆದು ಅತಿಥಿ ಉಪನ್ಯಾಸಕರ ಗೌರವ ಕೊಟ್ಟು ಅಡಿಗಲ್ಲಿನ ಮುಂದೆ ನಿಲ್ಲಿಸಬೇಕು.

ಉಳಿಯದು ಸುಲಭದ ಲೆಕ್ಕ, ಮೊನೆ ಒಂದೇ ಕಡೆ ಇದೆ. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನ ಗೇರು ಬೇರೆಯದೇ ಕಥೆ. ತಿರುವಿನಲ್ಲಿ ಚಾಲಕ ಗೇರು ಇಳಿಸಿದಾಗ ಹಲ್ಲು ಹಲ್ಲಿಗೆ ತಾಗುವ ಗೆರೆಯಂಥ ಜಾಗದಲ್ಲಿ ಒಂದು ಚದರ ಮಿಲಿಮೀಟರಿಗೆ ನೂರು ಕೆಜಿಗೂ ಮೀರಿದ ಒತ್ತಡ ಬೀಳುತ್ತದೆ. ಮೇಲ್ಮೈ ಗಡಸಾಗಿಲ್ಲದಿದ್ದರೆ ಹಲ್ಲು ಕಿತ್ತುಕೊಂಡು ಹೋಗುತ್ತದೆ. ಹಲ್ಲೆಲ್ಲ ಗಡಸಾದರೆ ಕ್ಲಚ್ಚು ಬಿಟ್ಟ ಒಂದು ಜರ್ಕಿಗೆ ಬುಡಸಮೇತ ಮುರಿಯುತ್ತದೆ. ಇಲ್ಲಿ ಬೇಕಾದದ್ದು ಪ್ರತಿ ಹಲ್ಲಿನ ಸುತ್ತಲೂ ಒಂದು ಮಿಲಿಮೀಟರ್ ಆಳದ ಗಡಸು ಹೊರಮೈ, ಒಳಗೆ ಪೆಟ್ಟು ತಾಳುವ ಮೆದು ಒಡಲು.

ಇದಕ್ಕೆ ಎಂಜಿನಿಯರುಗಳು ಮೊದಲೇ ಇಂಗಾಲ ಕಡಿಮೆ ಇರುವ ಉಕ್ಕನ್ನು ಆರಿಸುತ್ತಾರೆ, ಶೇಕಡಾ 0.15ರಿಂದ 0.20ರಷ್ಟು, ಜೊತೆಗೆ ಒಂದಿಷ್ಟು ಮ್ಯಾಂಗನೀಸ್, ಕ್ರೋಮಿಯಂ, ಕೆಲವೊಮ್ಮೆ ನಿಕ್ಕಲ್. ಇದನ್ನು ಎಷ್ಟು ಕಾಯಿಸಿ ಅದ್ದಿದರೂ ಪೂರ್ತಿ ಗಡಸಾಗಲು ಬೇಕಾದಷ್ಟು ಇಂಗಾಲ ಇದರಲ್ಲಿ ಇಲ್ಲ. ಹಲ್ಲು ಕೊರೆದ ಮೇಲೆ ಹೊರಮೈಗೆ ಮಾತ್ರ ಇಂಗಾಲ ಉಣಿಸುತ್ತಾರೆ. ಇದಕ್ಕೆ ಕಾರ್ಬುರೈಸಿಂಗ್ ಎಂದು ಹೆಸರು. ಹಳೆಯ ರೀತಿ ಸರಳ: ಕಬ್ಬಿಣದ ಪೆಟ್ಟಿಗೆಯಲ್ಲಿ ಗೇರುಗಳನ್ನಿಟ್ಟು ಸುತ್ತ ಇದ್ದಲಿನ ಚೂರು ತುಂಬಿ, ಅದಕ್ಕೆ ಬೇರಿಯಂ ಕಾರ್ಬೊನೇಟ್ ಬೆರೆಸಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, 900ರಿಂದ 950 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುವುದು. ನಮ್ಮ ಕರಾವಳಿಯ ತೆಂಗಿನ ಗೆರಟೆಯ ಇದ್ದಲು ಇದಕ್ಕೆ ಒಳ್ಳೆಯದು. ಇದ್ದಲು ಉಕ್ಕಿಗೆ ತಾಗಿದ್ದರಿಂದ ಇಂಗಾಲ ಒಳಗೆ ಹೋಗುತ್ತದೆ ಎಂದು ಅನಿಸಬಹುದು. ನಿಜವಾಗಿ ಸಾಗಿಸುವುದು ಅನಿಲ. ಪೆಟ್ಟಿಗೆಯೊಳಗಿನ ಅಲ್ಪ ಆಮ್ಲಜನಕ ಇದ್ದಲನ್ನು ಸುಟ್ಟು ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಅದು ಉಕ್ಕಿನ ಮೈಗೆ ಬಂದು ಒಂದು ಇಂಗಾಲ ಪರಮಾಣುವನ್ನು ಇಳಿಸಿ ಡಯಾಕ್ಸೈಡ್ ಆಗುತ್ತದೆ, ಇದ್ದಲಿನ ಬಳಿಗೆ ಹೋಗಿ ಮತ್ತೆ ಮೊನಾಕ್ಸೈಡ್ ಆಗಿ ಮರಳುತ್ತದೆ.

ಒಳಗಿಳಿದ ಇಂಗಾಲದ ಓಡಾಟ ನನಗೆ ಯಾವಾಗಲೂ ಸೋಜಿಗ ತರುವ ಸಂಗತಿ. 925 ಡಿಗ್ರಿಯಲ್ಲಿ ಒಂದು ಇಂಗಾಲ ಪರಮಾಣು ಒಂದು ಸಂದಿನಿಂದ ಪಕ್ಕದ ಸಂದಿಗೆ ಸೆಕೆಂಡಿಗೆ ಸುಮಾರು ನೂರು ಕೋಟಿ ಸಲ ನೆಗೆಯುತ್ತದೆ. ಅಷ್ಟು ನೆಗೆದರೂ ಒಂದು ಗಂಟೆಯಲ್ಲಿ ಗಡಸು ಪದರ ಇಳಿಯುವುದು 0.6 ಮಿಲಿಮೀಟರ್ ಮಾತ್ರ. ನೆಗೆತಕ್ಕೆ ದಿಕ್ಕಿಲ್ಲದಿರುವುದೇ ಕಾರಣ. ಮುಂದೆ ಹೋದದ್ದು ಹಿಂದೆಯೂ ಬರುತ್ತದೆ, ಮಗ್ಗುಲಿಗೂ ಸರಿಯುತ್ತದೆ. ಹೊರಗೆ ಹೆಚ್ಚು, ಒಳಗೆ ಕಡಿಮೆ ಇರುವುದರಿಂದ ಒಟ್ಟು ಲೆಕ್ಕದಲ್ಲಿ ಮಾತ್ರ ಒಳಮುಖವಾಗುತ್ತದೆ. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿಗೆ ಉಪ್ಪು ಸಿಪ್ಪೆಯಡಿ ಬೇಗ ಇಳಿದು ಗೊರಟು ಮುಟ್ಟಲು ವಾರಗಟ್ಟಲೆ ತೆಗೆದುಕೊಳ್ಳುವುದೂ ಇದೇ ನಿಯಮದಿಂದ. 1855ರಲ್ಲಿ ಅಡಾಲ್ಫ್ ಫಿಕ್ ಇದನ್ನು ಗಣಿತವಾಗಿ ಬರೆದ. ಆಳವನ್ನು ಇಮ್ಮಡಿ ಮಾಡಬೇಕಾದರೆ ಸಮಯವನ್ನು ನಾಲ್ಕು ಪಟ್ಟು ಮಾಡಬೇಕು. 925 ಡಿಗ್ರಿಯಲ್ಲಿ 4 ಗಂಟೆಗೆ ಸುಮಾರು 1.3 ಮಿ.ಮೀ., 16 ಗಂಟೆಗೆ 2.5. ಕುಲುಮೆಯ ವಿದ್ಯುತ್ ಬಿಲ್ಲು ಕಟ್ಟುವವರಿಗೆ ಈ ವರ್ಗಮೂಲ ಎಷ್ಟು ಕಠೋರವೆಂದು ಗೊತ್ತು. ಬೇಕಾದ್ದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ಆಳ ಕೇಳುವ ಡ್ರಾಯಿಂಗ್ ರಾತ್ರಿಯಿಡೀ ಕುಲುಮೆ ಉರಿಸುತ್ತದೆ.

ಹೊರಮೈಯಲ್ಲಿ ಇಂಗಾಲ ಶೇಕಡಾ 0.8ರ ಹತ್ತಿರ ಬಂದ ಮೇಲೆ ಗೇರನ್ನು ಎಣ್ಣೆಯಲ್ಲಿ ಅದ್ದುತ್ತಾರೆ, ಆಮೇಲೆ 150ರಿಂದ 200 ಡಿಗ್ರಿಯಲ್ಲಿ ಹದವಾಗಿ ಕಾಯಿಸುತ್ತಾರೆ. ಆಗ ಒಂದು ಉಪಕಾರ ತಾನಾಗಿ ಒದಗುತ್ತದೆ. ಮಾರ್ಟೆನ್‌ಸೈಟ್ ಆಗುವಾಗ ಉಕ್ಕು ಹಿಗ್ಗುತ್ತದೆ. ಇಂಗಾಲ ಕಡಿಮೆಯಿರುವ ಒಳಗಿನ ಒಡಲು ಮೊದಲೇ ಬದಲಾಗಿ ಗಟ್ಟಿಯಾಗಿ ನಿಂತಿರುತ್ತದೆ. ಇಂಗಾಲ ಹೆಚ್ಚಿರುವ ಹೊರಮೈ ಇನ್ನೂ ಕೆಳಗಿನ ಉಷ್ಣತೆಯಲ್ಲಿ, ಕೊನೆಗೆ ಬದಲಾಗಿ ಹಿಗ್ಗಲು ನೋಡುತ್ತದೆ, ಒಡಲು ಬಿಡುವುದಿಲ್ಲ. ಹೀಗಾಗಿ ಹೊರಮೈ ಸದಾ ಒತ್ತಿ ಹಿಡಿದ ಸ್ಥಿತಿಯಲ್ಲಿ ಉಳಿಯುತ್ತದೆ. ಹಲ್ಲಿನ ಬುಡದಲ್ಲಿ ಬಿರುಕು ಹುಟ್ಟಬೇಕಾದರೆ ಎಳೆತ ಬೇಕು. ಆ ಎಳೆತ ಮೊದಲು ಈ ಒತ್ತಡವನ್ನು ತೀರಿಸಬೇಕಾಗುತ್ತದೆ. ಘಾಟಿಯ ಬಸ್ಸಿನ ಗೇರು ಲಕ್ಷಾಂತರ ಸಲ ಬಗ್ಗಿ ನೆಟ್ಟಗಾಗಿಯೂ ದಣಿಯದಿರುವುದರ ಅರ್ಧ ಗುಟ್ಟು ಇಲ್ಲಿದೆ.

ಇಂಗಾಲ ಉಣಿಸುವುದು ಹೊಸದಾಗಿ ಕಂಡುಕೊಂಡದ್ದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕತ್ತಿಯ ಲಕ್ಷಣ ಹೇಳುವ ಅಧ್ಯಾಯವಿದೆ. ಎಣ್ಣೆ ಸವರಿದ ಆಯುಧಕ್ಕೆ ಎಕ್ಕದ ಹಾಲು, ಟಗರಿನ ಕೊಂಬಿನ ಮಸಿ, ಪಾರಿವಾಳ ಮತ್ತು ಇಲಿಯ ಹಿಕ್ಕೆ ಕಲಸಿ ಬಳಿದು, ಕಾಯಿಸಿ ಹದ ಹಾಕಿ, ಆಮೇಲೆ ಸಾಣೆ ಹಿಡಿದರೆ ಕಲ್ಲಿಗೆ ಬಡಿದರೂ ಅದು ಕೆಡದು ಎಂಬುದು ಅಲ್ಲಿನ ಒಂದು ಪಾಕದ ತಾತ್ಪರ್ಯ. ಕೊಂಬಿನಲ್ಲೂ ಹಿಕ್ಕೆಯಲ್ಲೂ ಇಂಗಾಲದ ಜೊತೆ ಸಾರಜನಕ ಇದೆ. ಎರಡೂ ಉಕ್ಕಿನ ಮೈಯನ್ನು ಗಡಸು ಮಾಡುವಂಥವು. ಯುರೋಪಿನಲ್ಲೂ ಹನ್ನೆರಡನೆಯ ಶತಮಾನದ ಥಿಯೊಫಿಲಸ್ ಅರಗಳನ್ನು ಗಡಸು ಮಾಡಲು ಸುಟ್ಟ ಕೊಂಬು, ಆಡಿನ ತೊಗಲು ಬಳಸುವ ಬಗೆ ಬರೆದಿಟ್ಟಿದ್ದಾನೆ. ಐದು ನಿಮಿಷ ಕಾಯಿಸಿದರೆ 0.2 ಮಿಲಿಮೀಟರಿಗೂ ಕಡಿಮೆ ಇಳಿದೀತು, ಆದರೆ ಕತ್ತಿಯ ಬಾಯಿ ಎಷ್ಟು ತೆಳುವೆಂದು ನೆನೆದರೆ ಅದು ಕಡಿಮೆಯೇನಲ್ಲ. ಇಂಥ ಪಾಕಗಳಲ್ಲಿ ಎಲ್ಲ ಪದಾರ್ಥಕ್ಕೂ ವಿಜ್ಞಾನದ ಸಮರ್ಥನೆ ಹುಡುಕುವ ಉತ್ಸಾಹ ನನಗಿಲ್ಲ. ಕೆಲಸ ಮಾಡುವ ಎರಡು ವಸ್ತುಗಳನ್ನು ಅನುಭವ ಸರಿಯಾಗಿ ಹೆಕ್ಕಿತ್ತು ಎಂಬುದೇ ದೊಡ್ಡದು.

ನಮ್ಮ ನಾಡಿನಲ್ಲಿ ಇಂಗಾಲ ಉಣಿಸುವ ಕೆಲಸದ ಬರಹದ ದಾಖಲೆ ಕೊಟ್ಟವನು ಫ್ರಾನ್ಸಿಸ್ ಬುಕನನ್. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸುವಾಗ, ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ಆತ ವಿವರಿಸಿದ್ದಾನೆ. ಅಲ್ಲಿ ಇಂಗಾಲ ಮೇಲ್ಮೈಯಲ್ಲಿ ನಿಲ್ಲದೆ ಇಡೀ ತುಂಡಿಗೆ ಹರಡುತ್ತಿತ್ತು. 1801ರ ಆರಂಭದಲ್ಲಿ ಆತ ಕರಾವಳಿಗೆ ಬಂದು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂದು ಈ ದಾರಿಯಲ್ಲೇ ಸಾಗಿದ. ನಮ್ಮ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನೂ ಅವನೇ. ಆ ಕಲ್ಲಿನ ಮಾತು ಮುಂದೆ ಬರುತ್ತದೆ.

ಇದ್ದಲಿನ ಪೆಟ್ಟಿಗೆ ಈಗ ಸಣ್ಣ ಗ್ಯಾರೇಜುಗಳಿಗೆ ಮಾತ್ರ. ಬೆಂಗಳೂರಿನ ಪೀಣ್ಯದಂಥ ಕಡೆ ಮೆಥನಾಲ್ ಹನಿಸಿ ಅಥವಾ ಪ್ರೊಪೇನ್ ಬಿಟ್ಟು ಗಾಳಿ ಸೋರದ ಕುಲುಮೆಯಲ್ಲೇ ಇಂಗಾಲದ ಅನಿಲ ಹುಟ್ಟಿಸುತ್ತಾರೆ. ಶೇಕಡಾವಾರು ಇಂಗಾಲವನ್ನು ಸೆನ್ಸರ್ ನೋಡಿಕೊಳ್ಳುತ್ತದೆ. ಕರಗಿದ ಸೋಡಿಯಂ ಸಯನೈಡ್‌ನಲ್ಲಿ ಅದ್ದುವ ಪದ್ಧತಿಯೂ ಬಹಳ ಕಾಲ ಇತ್ತು. ಅರ್ಧ ಗಂಟೆಯಲ್ಲೇ ತೆಳು ಗಡಸು ಪದರ ಸಿಗುತ್ತಿತ್ತು. ಆದರೆ ಆ ಉಪ್ಪಿಗೆ ಎಲ್ಲಿಂದಲಾದರೂ ಆಮ್ಲ ಸೇರಿದರೆ ಹೈಡ್ರೋಜನ್ ಸಯನೈಡ್ ಎದ್ದು ಒಳಗಿದ್ದವರ ಜೀವ ತೆಗೆಯುತ್ತದೆ. ತೊಳೆದ ನೀರು ತೋಡಿಗೆ ಸೇರಿದರೆ ಮೀನೂ ಉಳಿಯುವುದಿಲ್ಲ. ಅಗ್ಗ ಎಂಬ ಒಂದೇ ಕಾರಣಕ್ಕೆ ಅದನ್ನು ಇಂದೂ ಬಳಸುವುದನ್ನು ನಾನು ಒಪ್ಪಲಾರೆ. ಅದೇ ಕೆಲಸಕ್ಕೆ ಅನಿಲದ ದಾರಿ ಇದೆ.

ಸಾರಜನಕದ ದಾರಿ ಬೇರೆಯೇ. ನೈಟ್ರೈಡಿಂಗ್‌ನಲ್ಲಿ ಉಕ್ಕನ್ನು 500ರಿಂದ 550 ಡಿಗ್ರಿಯವರೆಗಷ್ಟೇ ಕಾಯಿಸಿ ಅಮೋನಿಯ ಅನಿಲ ಹಾಯಿಸುತ್ತಾರೆ. ಬಿಸಿ ಮೈಗೆ ತಾಗಿ ಅಮೋನಿಯ ಒಡೆದಾಗ ಸಾರಜನಕ ಒಳಗೆ ಇಳಿದು, ಉಕ್ಕಿನಲ್ಲಿ ಮೊದಲೇ ಬೆರೆಸಿಟ್ಟ ಅಲ್ಯೂಮಿನಿಯಂ, ಕ್ರೋಮಿಯಂ ಜೊತೆ ಸೇರಿ ಅತಿ ಸಣ್ಣ ಕಣಗಳಾಗುತ್ತದೆ. ವಿಕರ್ಸ್ ಅಂಕ ಸಾವಿರ ದಾಟುತ್ತದೆ, ಬೆಣಚಿನ ಹತ್ತಿರ ಹತ್ತಿರ. ಇದರಲ್ಲಿ ಎಣ್ಣೆಗೆ ಅದ್ದುವ ಪ್ರಸಂಗವೇ ಇಲ್ಲ, ಹಾಗಾಗಿ ತುಂಡು ಸೊಟ್ಟಗಾಗುವುದೂ ಇಲ್ಲವೆನ್ನುವಷ್ಟು ಕಡಿಮೆ. ಜರ್ಮನಿಯ ಕ್ರುಪ್ ಕಂಪನಿಯಲ್ಲಿ ಅಡಾಲ್ಫ್ ಫ್ರೈ 1920ರ ದಶಕದಲ್ಲಿ ಇದನ್ನು ಬಳಕೆಗೆ ತಂದ. ಕೊರತೆಯೆಂದರೆ ಸಮಯ. ಅರ್ಧ ಮಿಲಿಮೀಟರ್ ಆಳಕ್ಕೆ ಎರಡು-ಮೂರು ದಿನ ಬೇಕು.

ಹೊರಗಿನಿಂದ ಏನನ್ನೂ ಉಣಿಸದೆ, ಬಿಸಿಯನ್ನಷ್ಟೇ ಮೇಲ್ಮೈಗೆ ಕೊಡುವ ವಿಧಾನವೂ ಇದೆ. ಉಳಿಯ ಆಚಾರಿಯವರ ನೇರ ವಾರಸುದಾರ ಇದೇ. ಶೇಕಡಾ 0.4ರಿಂದ 0.5ರಷ್ಟು ಇಂಗಾಲ ಇರುವ ಉಕ್ಕಿನ ಸುತ್ತ ತಾಮ್ರದ ಕೊಳವೆಯ ಸುರುಳಿ ಇಟ್ಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಸಿದರೆ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯಿಂದ ಉಕ್ಕಿನೊಳಗೂ ಪ್ರವಾಹ ಹುಟ್ಟುತ್ತದೆ. ದಿಕ್ಕು ಬದಲಾಗುವ ವೇಗ ಹೆಚ್ಚಿದಷ್ಟೂ ಆ ಪ್ರವಾಹ ಮೇಲ್ಮೈಗೆ ಒತ್ತರಿಸಿಕೊಳ್ಳುತ್ತದೆ. ಕೆಂಪಗೆ ಕಾದ ಉಕ್ಕಿನಲ್ಲಿ 10,000 ಹರ್ಟ್ಸ್‌ಗೆ ಅದರ ಆಳ ಸುಮಾರು 5 ಮಿ.ಮೀ., 4,50,000 ಹರ್ಟ್ಸ್‌ಗೆ 0.75. ಕೆಲವೇ ಸೆಕೆಂಡಿನಲ್ಲಿ ಮೈ ಕೆಂಪಾಗುತ್ತದೆ, ಒಳಗೆ ಬಿಸಿ ಮುಟ್ಟುವ ಮೊದಲೇ ಸುತ್ತಲಿನ ತೂತುಗಳಿಂದ ನೀರು ಚಿಮ್ಮುತ್ತದೆ. ಬೈಕಿನ ಹೊಸ ಸ್ಪ್ರಾಕೆಟ್ ಕೊಂಡಾಗ ಹಲ್ಲುಗಳ ಸಾಲಿನ ಸುತ್ತ ಕೆಲವೊಮ್ಮೆ ನೀಲಿ-ಕಂದು ಬಣ್ಣದ ಉಂಗುರ ಕಾಣುತ್ತದೆ. ಉಳಿಯ ಮೇಲೆ ಇಳಿದು ಬರುತ್ತಿದ್ದ ಬಣ್ಣಗಳೇ ಅವು. ದೊಡ್ಡ ಗೇರುಗಳಿಗೆ ಆಕ್ಸಿ-ಅಸಿಟಲೀನ್ ಜ್ವಾಲೆ ಹಾಯಿಸಿ ಹಿಂದೆಯೇ ನೀರು ಬಿಡುವುದೂ ಇದೇ ತತ್ವ. ಲೇಸರ್ ಆದರೆ ನೀರೂ ಬೇಡ, ತಣ್ಣಗಿರುವ ಒಡಲೇ ಬಿಸಿಯನ್ನು ಎಳೆದುಕೊಂಡು ಮೈಯನ್ನು ಥಟ್ಟನೆ ತಣಿಸುತ್ತದೆ.

ಗಡಸು ಪದರ ಎಷ್ಟು ಆಳ ಇದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಒಳ್ಳೆಯ ಬೀಗದ ಕೊಂಡಿಯ ಮೇಲೆ ಅರ ಹಾಕಿದರೆ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ, ಅಷ್ಟರಿಂದ ಮೈ ಗಡಸೆಂದು ಮಾತ್ರ ತಿಳಿದೀತು. ಕಾರ್ಖಾನೆಯಲ್ಲಿ ಒಂದು ಗೇರನ್ನು ಬಲಿಕೊಟ್ಟು ಹಲ್ಲನ್ನು ಅಡ್ಡ ಕೊಯ್ದು, ಅಂಚಿನಿಂದ ಒಳಗೆ ಹೆಜ್ಜೆ ಹೆಜ್ಜೆಗೆ ವಜ್ರದ ಸಣ್ಣ ಪಿರಮಿಡ್ಡನ್ನು ಒತ್ತಿ ಗುರುತಿನ ಅಗಲ ಅಳೆಯುತ್ತಾರೆ. ವಿಕರ್ಸ್ 550ಕ್ಕೆ ಇಳಿಯುವ ಜಾಗದವರೆಗಿನ ದೂರವೇ ಆ ಪದರದ ಆಳ. ತೀರಾ ತೆಳುವಾದರೆ ಒಳಗಿನ ಮೆದು ಒಡಲು ಕುಸಿದು ಮೇಲಿನ ಪದರ ಚಕ್ಕೆಯೇಳುತ್ತದೆ. ತೀರಾ ಆಳವಾದರೆ ಹಲ್ಲಿನ ತುದಿಯಲ್ಲಿ ಎರಡೂ ಕಡೆಯ ಗಡಸು ಪದರಗಳು ಕೂಡಿ ಒಡಲೇ ಇಲ್ಲದಂತಾಗಿ ತುದಿ ಮುರಿಯುತ್ತದೆ.

ಈಗ ಕೆಂಪುಕಲ್ಲಿನ ಮಾತು. ಮೂಡುಬಿದಿರೆ, ಬಂಟ್ವಾಳದ ಗುಡ್ಡಗಳ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿನ ಗಟ್ಟಿ ಗಂಟುಗಳೂ ಬೆಣಚಿನ ಮರಳೂ ಇವೆ. ಇಲ್ಲಿ ತೋಟ ಅಗೆಯುವ ಹಾರೆ, ಗದ್ದೆ ಉಳುವ ಟಿಲ್ಲರಿನ ಕತ್ತಿಗಳು ಸವೆಯುವುದು ಮೈಕ್ರಾನ್ ಲೆಕ್ಕದಲ್ಲಲ್ಲ, ಅಂಗುಲದ ಲೆಕ್ಕದಲ್ಲಿ. ಗೇರಿಗೆ ಅತ್ಯುತ್ತಮವಾದ ಒಂದು ಮಿಲಿಮೀಟರಿನ ಗಡಸು ಪದರ ಇಲ್ಲಿ ನಿಷ್ಪ್ರಯೋಜಕ. ಅದು ಬೇಗನೆ ಉಜ್ಜಿಹೋಗಿ ಕೆಳಗಿನ ಮೆದು ಕಬ್ಬಿಣ ಬಯಲಾದ ಮೇಲೆ ಸವೆತ ಓಡುತ್ತದೆ. ಗೇರಿಗೆ ಎಣ್ಣೆಯ ರಕ್ಷಣೆ ಇದೆ, ಸವೆಯಲು ಬಿಡುವುದೇ ಇಲ್ಲ ಎಂಬ ನಂಬಿಕೆಯ ಮೇಲೆ ಅದರ ಪದರ ಅಷ್ಟು ತೆಳು. ಹಾರೆ ಸವೆದೇ ಸವೆಯುತ್ತದೆ. ಅದಕ್ಕೆ ಬೇಕಾದ್ದು ಸವೆದಷ್ಟೂ ಒಳಗೆ ಗಡಸು ಉಳಿದಿರುವ ಬಾಯಿ. ಉಳಿಯ ಮೊನೆಯನ್ನು ಮುಕ್ಕಾಲು ಅಂಗುಲ ಗಡಸು ಮಾಡುವುದೂ ಇದೇ ಕಾರಣಕ್ಕೆ. ಮೊಂಡಾದಾಗ ಸಾಣೆ ಹಿಡಿದರೂ ಕೆಳಗೆ ಗಡಸು ಇರಬೇಕು.

ಹಾಗಾಗಿ ಟಿಲ್ಲರ್ ಕತ್ತಿಗಳನ್ನು ಬೋರಾನ್ ಉಕ್ಕಿನಲ್ಲೋ ಸ್ಪ್ರಿಂಗ್ ಉಕ್ಕಿನಲ್ಲೋ ಮಾಡಿ ಒಳಗೂ ಹೊರಗೂ ಗಡಸಾಗಿಸಿ, ಪೆಡಸು ಹೋಗುವಷ್ಟು ಹದವಾಗಿ ಕಾಯಿಸುತ್ತಾರೆ. ಕೆಲವರು ಅಂಚಿಗೆ ಕ್ರೋಮಿಯಂ ಕಾರ್ಬೈಡ್ ಬೆರೆತ ರಾಡಿನಿಂದ ವೆಲ್ಡಿಂಗ್ ಪದರ ಎರೆಯುತ್ತಾರೆ. ಊರಿನ ಕುಲುಮೆಯವರು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನ ತುಂಡನ್ನು, ಅಂದರೆ ಶೇಕಡಾ 0.5-0.6ರಷ್ಟು ಇಂಗಾಲವಿರುವ ಉಕ್ಕನ್ನು, ಸವೆದ ಹಾರೆಯ ಮೆದು ಕಬ್ಬಿಣಕ್ಕೆ ಕಾಯಿಸಿ ಬೆಸೆದು ಬಾಯಿ ಹಾಕಿಕೊಡುತ್ತಾರೆ. ಬೆಸೆಯುವಾಗ ಕಿಡಿ ಏಳುವಷ್ಟು ಕಾಯಬೇಕು, ಇದ್ದಲಿನ ಬೂದಿ ನಡುವೆ ಸಿಕ್ಕಬಾರದು. ಬೆಸುಗೆ ಸರಿಯಾದರೆ ಹಿಂಬದಿ ಮೆದುವಾಗಿ ಪೆಟ್ಟು ಕುಡಿಯುತ್ತದೆ, ಬಾಯಿ ಎರಡು ಅಂಗುಲ ಸವೆಯುವವರೆಗೂ ಗಡಸಾಗಿಯೇ ಇರುತ್ತದೆ. ಗುಡ್ಡದ ಈ ಮಣ್ಣಿಗೆ ಕಾರ್ಬುರೈಸಿಂಗ್ ಕುಲುಮೆಗಿಂತ ಅದು ಸರಿಯಾದ ಆಯ್ಕೆ. ಆ ಬೆಸುಗೆಯ ಗೆರೆಯನ್ನು ಉಜ್ಜಿ, ಆಮ್ಲ ತಾಗಿಸಿ ನೋಡಿದರೆ, ಕಾದ ಆ ಸ್ವಲ್ಪ ಹೊತ್ತಿನಲ್ಲೇ ಉಕ್ಕಿನ ಕಡೆಯ ಇಂಗಾಲ ಗೆರೆ ದಾಟಿ ಮೆದು ಕಬ್ಬಿಣದ ಕಡೆಗೆ ಒಂದಿಷ್ಟು ಇಳಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಪ್ಪು ಛಾಯೆಯಾಗಿ ಕಾಣುತ್ತದೆ.